ಹಸಿರಿಲ್ಲದ ಪಾಚಿ

ಎಮ್ಮೆಗಳು ಅವನಿಗಿಂತ ಮೊದಲೇ ಅವಳನ್ನು ಕಂಡು ನಿಂತುಬಿಟ್ಟಿದ್ದವು. ಮುಂದಿದ್ದ ಕೆಂಚಿ ಕತ್ತೆತ್ತಿ ಬುಸ್ಸೆಂದಿತು. ಅಂಜನ್ ಬಡಿಗೆಯಿಂದ ಅದರ ಬೆನ್ನಿಗೊಂದು ತಟ್ಟಿ ಏರಿ ಹತ್ತಿದ. ಗೋಕಟ್ಟೆಯ ಆಚೆ ದಂಡೆಯಲ್ಲಿ ಒಬ್ಬ ಹುಡುಗಿ. ಒಂದು ಕಾಲು ಮೊಣಕಾಲ ತನಕ ರಾಡಿಯಲ್ಲಿ ಹೂತಿದೆ, ಇನ್ನೊಂದನ್ನು ಹುಲ್ಲಿನ ಮೇಲೆ ಊರಲು ಹೋಗಿ ಜಾರುತ್ತಿದ್ದಾಳೆ. ಕೋಲಿಗೆ ಕಟ್ಟಿದ ಚಹಾ ಸೋಸುವ ಜರಡಿಯೊಂದನ್ನು ಮಾತ್ರ, ಅದೇನೋ ಚಿನ್ನದ್ದು ಅನ್ನುವ ಹಾಗೆ, ರಾಡಿ ತಾಗದಂತೆ ಮೇಲೆತ್ತಿ ಹಿಡಿದಿದ್ದಾಳೆ. ದಂಡೆಯ ಮೇಲೆ ಒಂದು ಬಿಳಿ ತಟ್ಟೆ, ಸಣ್ಣ ಸಣ್ಣ ಬಾಟಲಿಗಳು. ಜಾಲಿ ಗಿಡದ ಬುಡದಲ್ಲಿ ಸ್ಕೂಟಿ.

"ಯಾರ್ರೀ ಅದು?"

"ಕಾಲು ಸಿಕ್ಕೊಂಡೈತ್ರಿ. ಒಂಚೂರು ಕೈ ಕೊಡ್ರಿ."

ಅಂಜನ್ ಏರಿ ಸುತ್ತಿ ಬಂದ. ಕೈ ಕೊಡಲಿಲ್ಲ, ಬಡಿಗೆ ಚಾಚಿದ. ಅವಳು ಅದನ್ನು ಹಿಡಿದು ಎಳೆದುಕೊಂಡಳು. ಪಚಕ್ಕೆಂದು ಕಾಲು ಬಂತು, ಚಪ್ಪಲಿ ಬರಲಿಲ್ಲ. ಅವಳು ತನ್ನ ಬರಿಗಾಲನ್ನೂ ಅದಕ್ಕೆ ಮೆತ್ತಿದ ಕರಿ ರಾಡಿಯನ್ನೂ ನೋಡಿ ನಕ್ಕಳು. "ಹೋಯ್ತು ಬಿಡ್ರಿ. ಕಪ್ಪೆಗಳು ಮೆಟ್ಕೊಳ್ಳಲಿ."

ಅಂಜನ್ ನಗಲಿಲ್ಲ. ಉಗಾದಿಯಾದ ಮೇಲೆ ಮೂರು ಕಾಲಿನ ಯಂತ್ರ ತಂದು ಅಳತೆ ಮಾಡಿದವರೂ ಹೀಗೇ ನಗುನಗುತ್ತಾ ಬಂದಿದ್ದರು. ನೀರು ಕೇಳಿದ್ದರು, ಅವ್ವ ಮಜ್ಜಿಗೆಯನ್ನೇ ಕೊಟ್ಟಿದ್ದಳು. ಕುಡಿದು, ಬಾಯಿ ಒರೆಸಿಕೊಂಡು, ಏರಿಯ ಮೇಲೆ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟು ಹೋದರು. ಆವರಗೆರೆಯನ್ನು ದಾವಣಗೆರೆ ಒಂದು ಕಡೆಯಿಂದ ಮೇಯುತ್ತಾ ಬರುತ್ತಿತ್ತು. ನಿನ್ನೆ ಜೋಳ ಇದ್ದಲ್ಲಿ ಇವತ್ತು ಕಮಾನು, ಕಮಾನಿನ ಮೇಲೆ ಯಾವುದೋ ದೇವರ ಹೆಸರಿನ ಬಡಾವಣೆ. ಗೋಕಟ್ಟೆಯ ಮೂರು ದಿಕ್ಕಿನ ಹೊಲ ಆಗಲೇ ಲೇಔಟ್ ಮಾಡುವ ವಾಮದೇವಪ್ಪನವರ ಸೈಟುಗಳಾಗಿದ್ದವು. ನಾಲ್ಕನೆಯ ದಿಕ್ಕಿನಲ್ಲಿ ಅಂಜನ್ ಮತ್ತು ಅವನವ್ವ ರಂಗವ್ವನ ಮನೆ, ಕೊಟ್ಟಿಗೆ, ನಾಲ್ಕು ಎಮ್ಮೆ. ಎಮ್ಮೆ ಅಂದರೆ ಮೇವಿಗಿಂತ ನೀರಿನ ಪ್ರಾಣಿ. ಬಿಸಿಲಲ್ಲಿ ಎರಡು ತಾಸು ಮುಳುಗಿ ಬಿದ್ದಿರದಿದ್ದರೆ ಕೆಚ್ಚಲು ಬತ್ತುತ್ತದೆ. ಗೋಕಟ್ಟೆ ಮುಚ್ಚಿದರೆ ಎಮ್ಮೆ ಮಾರಬೇಕು. ಎಮ್ಮೆ ಮಾರಿದರೆ ಇನ್ನೊಬ್ಬರ ಸೈಟಿಗೆ ಇಟ್ಟಿಗೆ ಹೊರಬೇಕು. ಅಂಜನ್‌ಗೆ ಇಷ್ಟು ಲೆಕ್ಕ ಬರುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು "ಎಮ್ಮೆ ಕಾಯೋಕೆ ಹೋಗು" ಅಂದಿದ್ದರು. ಚೀಲ ಅಲ್ಲೇ ಬಿಟ್ಟು ಎದ್ದು ಬಂದವನು ತಿರುಗಿ ಹೋಗಲಿಲ್ಲ.

"ನಾನು ಸ್ನೇಹಾ ಅಂತ. ಯೂನಿವರ್ಸಿಟಿಯಾಗೆ ಪಿಎಚ್‌ಡಿ ಮಾಡ್ತೀನಿ. ಗೊದಮೊಟ್ಟೆ ಮ್ಯಾಲೆ."

"ಯಾವುದರ ಮ್ಯಾಲೆ?"

"ಗೊದಮೊಟ್ಟೆ. ಕಪ್ಪೆಮರಿ. ಬಾಲ ಇರ್ತೈತಲ್ಲ?"

ಸುಳ್ಳಾದರೂ ಹೇಳಲಿ, ಇನ್ನೂ ಒಂಚೂರು ನಂಬುವಂಥದ್ದು ಹೇಳಬಾರದೇ ಅನ್ನಿಸಿತು ಅಂಜನ್‌ಗೆ. ಅವಳು ಮಾರ್ಕರ್ ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು, ಬಾಟಲಿಯ ಚೀಟಿಯ ಮೇಲೆ ತಾರೀಖು ಬರೆದು, ತಲೆಯೆತ್ತಿದಳು.

"ಇದಕ್ಕ ಏನಂತಾರ್ರಿ ಇಲ್ಲಿ? ಹೆಸರು?"

"ಹೆಸರೆಂಥದು? ಗುಂಡಿ."

"ಗುಂಡಿ?"

"ಹೂಂ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ. ಮಳಿ ಬಂದಾಗ ನೀರು ನಿಲ್ತೈತೆ, ಸೊಳ್ಳಿ ಆಗ್ತಾವೆ. ಹೊಲಸು."

"ಎಷ್ಟು ವರ್ಷದ್ದು?"

"ನಾಕೈದು ವರ್ಸ ಆಗಿರ್ಬೇಕು."

ಅವಳು ಬರೆದುಕೊಂಡಳು. ಆಮೇಲೆ ಕೆಂಚಿಯ ಕಡೆ ನೋಡಿ, "ಇದು ಚಲೋ ಐತೆ. ಎಷ್ಟು ಹಾಲು ಕೊಡ್ತೈತ್ರಿ?" ಅಂದಳು.

"ಎಲ್ಲಿದು ಹಾಲು! ಎರಡು ಲೀಟರ್ ಇಳಿದ್ರೆ ಪುಣ್ಯ. ಬರೀ ಮೇಯ್ತೈತೆ."

ಕೆಂಚಿ ಹೊತ್ತಿಗೆ ಆರು ಲೀಟರ್ ಕೊಡುತ್ತಿತ್ತು. ಆದರೆ ಎಮ್ಮೆ ಕಟ್ಟಿದವರ ಮನೆಯಲ್ಲಿ ಇಂಥ ಮಾತಿಗೆ ನಿಜ ಹೇಳುವ ಪದ್ಧತಿಯೇ ಇಲ್ಲ. ಹಾಲೆಷ್ಟು ಅಂದರೆ ಕಡಿಮೆ ಹೇಳು, ಕರು ಹೇಗಿದೆ ಅಂದರೆ ಬಡಕಲು ಅನ್ನು, ಬೆಣ್ಣೆ ಬಂತಾ ಅಂದರೆ ಎಲ್ಲಿ ಬಂತು ಅನ್ನು. ಒಳ್ಳೆಯದು ಅಂತ ಬಾಯಿಬಿಟ್ಟರೆ ದೃಷ್ಟಿ ಬೀಳುತ್ತದೆ, ದೃಷ್ಟಿ ಬಿದ್ದದ್ದು ಉಳಿಯುವುದಿಲ್ಲ. ರಂಗವ್ವ ಇದನ್ನು ಮಗನಿಗೆ ಹಾಲಿನ ಜೊತೆಗೇ ಕುಡಿಸಿದ್ದಳು. ಎಮ್ಮೆಗೆ ಹೇಳಬೇಕಾದ್ದನ್ನು ಅವನು ಗೋಕಟ್ಟೆಗೂ ಹೇಳಿದ. ಕೆಲಸಕ್ಕೆ ಬಾರದ್ದು ಅಂತ ತಿಳಿದರೆ ಹೋಗುತ್ತಾಳೆ, ತಿರುಗಿ ಬರುವುದಿಲ್ಲ.

ಮುಂದಿನ ವಾರ ಮತ್ತೆ ಬಂದಳು. ಅದರ ಮುಂದಿನ ವಾರವೂ.

ಬಸ್ ಸ್ಟಾಪಿನ ಹತ್ತಿರ ಚಹಾದಂಗಡಿ ಇಟ್ಟಿದ್ದ ಕೊಟ್ರೇಶ್‌ಗೆ ಇದು ಹೊಟ್ಟೆ ತುಂಬುವ ಸುದ್ದಿಯಾಯಿತು. "ಕಪ್ಪಿ ಕಾಲು ಫಾರಿನ್ನಿಗೆ ಕಳಿಸ್ತಾರಂತಲೇ. ಎಣ್ಣ್ಯಾಗೆ ಕರಕೊಂಡು ತಿಂತಾರಂತೆ."

"ಕಾಲು ಬರೋಕಿಂತ ಮುಂಚೇನೇ ಹಿಡಿತಾಳಲ್ಲಪ್ಪ ಆಕಿ."

"ಹಂಗಾದ್ರೆ ನೀರು ಟೆಸ್ಟು. ಲೇಔಟಿನೋರು ಕಳಿಸಿರ್ತಾರೆ ನೋಡು. ಸಿಹಿನೀರು ಅಂತ ಬೋರ್ಡ್ ಹಾಕಿದ್ರೆ ಸೈಟಿನ ರೇಟು ಏರ್ತೈತೆ. ಹುಡುಗಿ ಕಳಿಸಿದ್ರೆ ನಿನ್ನಂಥಾ ಬಸವ ಬಡಿಗಿ ಎತ್ತಾಂಗಿಲ್ಲ ಅಂತ ಗೊತ್ತೈತೆ ಅವರಿಗೆ."

ಅಂಜನ್ ಚಹಾವನ್ನು ಅರ್ಧಕ್ಕೇ ಇಟ್ಟು ಎದ್ದ. ಅವಳು ಬಂದ ದಿನವೆಲ್ಲ ಎಮ್ಮೆಗಳನ್ನು ನೀರಿಗೆ ಬಿಟ್ಟು ಏರಿಯ ಮೇಲೆ ಕುಳಿತು ಕಾಯತೊಡಗಿದ. ಅವಳು ಏನು ಮುಟ್ಟುತ್ತಾಳೆ, ಯಾವ ಕಡೆ ನೋಡುತ್ತಾಳೆ, ಕೆಂಪು ಕಲ್ಲಿನ ಹತ್ತಿರ ಹೋಗುತ್ತಾಳೋ ಹೇಗೆ. ಅವಳು ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸಲ ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟು ಊಟ ಮಾಡಿದಳು. ಅದರಿಂದಲೂ ಅವನ ಗುಮಾನಿ ಹೆಚ್ಚಿತು. ಕಲ್ಲು ತಮ್ಮದೇ ಅನ್ನುವವರು ಮಾತ್ರ ಅಷ್ಟು ಸಲೀಸಾಗಿ ಅದರ ಮೇಲೆ ಡಬ್ಬಿ ಇಡುತ್ತಾರೆ.

"ಬರ್ರಿ ಇಲ್ಲಿ, ದೂರದಿಂದ ಎಷ್ಟಂತ ಕಾಯ್ತೀರಿ," ಅಂದಳು ಒಂದು ದಿನ. "ಕಳ್ಳಿ ಏನು ಕದೀತಾಳೆ ಅಂತಾದ್ರೂ ಹತ್ರದಿಂದ ನೋಡ್ರಿ."

ಬಿಳಿ ತಟ್ಟೆಯ ನೀರಿನಲ್ಲಿ ಗೊದಮೊಟ್ಟೆಗಳು. ಎರಡೋ ಮೂರೋ ಹೆಬ್ಬೆರಳಿನಷ್ಟು ದಪ್ಪ, ಹಿಂಗಾಲು ಮೊಳೆಯುವ ಹೊತ್ತು. ಉಳಿದವು ಎಳ್ಳುಕಾಳಿಗೆ ಬಾಲ ಅಂಟಿಸಿದ ಹಾಗೆ.

"ಇವು ದೊಡ್ಡೋವು, ಇವು ಮರಿ," ಅಂದ ಅಂಜನ್.

"ಅಲ್ಲ. ಎಲ್ಲಾ ಒಂದೇ ದಿನ ಒಡೆದ ಮೊಟ್ಟೆ. ಒಂದೇ ತಾಯಿ ಮಕ್ಕಳು."

"ಮತ್ತೆ ಸಣ್ಣೋವು ಯಾಕ ಬೆಳೀಲಿಲ್ಲ? ತಿನ್ನಾಕ ಇಲ್ಲೇನು?"

"ಬೇಕಾದಷ್ಟೈತೆ. ಆದ್ರೂ ಬೆಳಿಯಂಗಿಲ್ಲ." ಅವಳು ಚೀಲದಿಂದ ಗೇಣುದ್ದದ ಸೂಕ್ಷ್ಮದರ್ಶಕ ತೆಗೆದು ಕಲ್ಲಿನ ಮೇಲಿಟ್ಟು, ಗಾಜಿನ ತುಣುಕಿನ ಮೇಲೆ ಒಂದು ಹನಿ ಬಿಟ್ಟಳು. "ಒಂದು ಕಣ್ಣು ಮುಚ್ಚಿ ನೋಡ್ರಿ."

ಮೊದಲು ಅವನಿಗೆ ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೆಳಕು. ಬೆಳಕಿನಲ್ಲಿ ಗುಂಡು ಗುಂಡಾದ, ಬಣ್ಣವೇ ಇಲ್ಲದ ಕಾಳುಗಳು, ಒಂದರ ಪಕ್ಕ ಒಂದು.

"ಸಬ್ಬಕ್ಕಿ ಪಾಯಸ ಇದ್ದಂಗೈತೆ."

"ಪಾಚಿ ಅದು."

ಅಂಜನ್ ಕಣ್ಣು ತೆಗೆದು ಅವಳ ಮುಖ ನೋಡಿದ. ಪಾಚಿ ಅಂದರೆ ಹಸಿರು. ಬಾವಿಯ ಮೆಟ್ಟಿಲಿಗೆ ಹಿಡಿಯುವುದು, ಕಾಲು ಜಾರಿಸುವುದು. ಎಮ್ಮೆ ಕಾಯುವವನಿಗೆ ಪಾಚಿ ಹೇಳಿಕೊಡಲು ಬಂದಿದ್ದಾಳೆ. "ಹಸಿರು ಇಲ್ಲದ ಪಾಚಿ ಎಲ್ಲೈತ್ರಿ? ಏನು ಹೇಳಿದ್ರೂ ನಂಬ್ತಾನೆ ಅಂತ ತಿಳಿದೀರೇನು?"

"ನನ್ನ ಗೈಡೂ ಮೊದಲು ನಂಬಲಿಲ್ಲ. ಹಸಿರು ಕಳಕೊಂಡ ಪಾಚಿ ಇದು. ಬಿಸಿಲು ಬೇಕಿಲ್ಲ ಇದಕ್ಕ, ಇನ್ನೊಬ್ಬರ ಹೊಟ್ಯಾಗೇ ಬದುಕ್ತೈತೆ. ದೊಡ್ಡ ಗೊದಮೊಟ್ಟಿ ಹೊಟ್ಟಿಯಿಂದ ಹಿಕ್ಕಿ ಜೊತೆ ಹೊರಗೆ ಬರ್ತೈತೆ. ಸಣ್ಣೋವು ಆ ಹಿಕ್ಕಿ ತಿಂತಾವೆ. ಒಂದ್ಸಲ ಅದರ ರುಚಿ ಹತ್ತಿತು ಅಂದ್ರೆ ಸುತ್ತ ಬೇರೆ ಊಟ ಇದ್ರೂ ಬಿಡ್ತಾವೆ, ಅದನ್ನೇ ಹುಡುಕ್ಕೊಂಡು ಹೋಗ್ತಾವೆ. ಅಲ್ಲಿಗೆ ಬೆಳವಣಿಗಿ ನಿಂತಂಗೆ."

"ಅಂದ್ರೆ ದೊಡ್ಡೋವು ಹೇತದ್ದು ತಿಂದು ಸಣ್ಣೋವು ಸಣ್ಣಾಗೇ ಉಳೀತಾವೆ."

"ಹೂಂ. ಹೆಚ್ಚುಕಮ್ಮಿ ಹಂಗೇ."

"ಇದನ್ನ ತಿಳ್ಕೊಳ್ಳಾಕ ಅಷ್ಟು ಓದ್ಬೇಕಿತ್ತೇನ್ರಿ? ನಮ್ಮ ಓಣಿಗೆ ಬಂದಿದ್ರೆ ನಾನೇ ತೋರಿಸ್ತಿದ್ದೆ."

ಅವಳು ಜೋರಾಗಿ ನಕ್ಕಳು. ಆ ನಗುವಿನಲ್ಲಿ ಮಜ್ಜಿಗೆ ಕುಡಿದು ಹೋದವರ ನಗು ಇರಲಿಲ್ಲ. ಇಂಥದ್ದೊಂದು ಬೇರೆ ದೇಶದಲ್ಲಿ ಸಿಕ್ಕಿದೆ, ಇದು ಅದರ ದಾಯಾದಿ ಇರಬಹುದು, ಅದೇ ಅಲ್ಲ ಅಂದಳು. ಪರೀಕ್ಷೆಗೆ ಕಳಿಸಿದ್ದೇನೆ, ಬೇರೆ ಅಂತ ಖಾತ್ರಿಯಾದರೆ ಹೊಸ ಹೆಸರು ಇಡಬೇಕು ಅಂದಳು.

"ಹೆಸರಿಟ್ರೆ ಅದು ಯಾರದ್ದಾಗ್ತೈತೆ?"

"ಯಾರದ್ದೂ ಆಗಂಗಿಲ್ಲ."

"ಹೆಸರು ಇಟ್ಟೋರು ಬಿಟ್ಟು ಹೋಗಿದ್ದನ್ನ ನಾನು ಈ ಕಡೆ ಎಲ್ಲೂ ನೋಡಿಲ್ಲ ಬಿಡ್ರಿ," ಅಂದ ಅಂಜನ್, ದೂರದ ಕಮಾನಿನ ಕಡೆ ಕತ್ತು ತಿರುಗಿಸಿ. ಆದರೂ ಮನಸ್ಸು ಒಂಚೂರು ಸಡಿಲಾಗಿತ್ತು. ಇದು ಗುಂಡಿಯಲ್ಲ ಮೇಡಂ ಅನ್ನುವ ಮಾತು ನಾಲಿಗೆಯ ತುದಿಯ ತನಕ ಬಂತು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

"ಹೇಳ್ರಿ ಮಾವಾ... ಹೂಂ, ಇಲ್ಲೇ, ನಿಮ್ಮ ಲೇಔಟ್ ಹಿಂದೇನೇ ಅದೀನಿ... ಊಟ ಬ್ಯಾಡ, ಡಬ್ಬಿ ತಂದೀನಿ. ಬಸವಪ್ರಭುಗೆ ಹೇಳ್ರಿ, ಸಂಜೀ ಮುಂದೆ ಬರ್ತೀನಿ."

ನಾಲಿಗೆಯ ತುದಿಯ ಮಾತು ಅಲ್ಲೇ ಕಲ್ಲಾಯಿತು. ಬಸವಪ್ರಭು ವಾಮದೇವಪ್ಪನವರ ಮಗ. ಮಾವ ಅಂದರೆ ಮತ್ಯಾರು? ಅಂಜನ್ ನೀರಿಗಿಳಿದು, ಇನ್ನೂ ಏಳಲು ಮನಸ್ಸಿಲ್ಲದ ಎಮ್ಮೆಗಳನ್ನು ಬಾಲ ತಿರುವಿ ಎಬ್ಬಿಸಿ ಹೊಡೆದುಕೊಂಡು ಹೋದ. ಅವತ್ತಿನಿಂದ ಅವಳು ಬಂದರೆ ದೂರದಿಂದಲೇ ಕಾದ, ಮಾತಾಡಲಿಲ್ಲ. ಅವಳೂ ಒಂದೆರಡು ಸಲ ಕೈಯೆತ್ತಿ ಕರೆದು ಸುಮ್ಮನಾದಳು. "ಗುಂಡಿ ಅಂದಿದ್ದೇ ಚಲೋ ಆತು," ಅಂದಳು ರಂಗವ್ವ. "ಅವರ ಮನಿ ಹುಡುಗಿ ಮುಂದೆ ಗೋಕಟ್ಟಿ ಅಂದಿದ್ರೆ ಊರೋರು ಹಕ್ಕು ಕೇಳೋದ್ರೊಳಗೇ, ನಾಳೆನೇ ಪೂಜಿ ಮಾಡಿ ಮುಚ್ಚತಿದ್ರು."

ಶ್ರಾವಣ ಶುರುವಾದ ವಾರ ಟಿಪ್ಪರ್ ಬಂತು. ಏರಿಯ ಮೇಲಿನ ಕಲ್ಲಿನ ಪಕ್ಕ ಕೆಂಪು ಮಣ್ಣು ಸುರಿದು, ಇನ್ನೊಂದು ತರಲು ಹೋಯಿತು. ಮಣ್ಣಿನ ರಾಶಿ ಜಾರಿ ನೀರಿನೊಳಗೆ ಇಳಿಯುತ್ತಿದ್ದುದನ್ನು ಎಮ್ಮೆಗಳು ತಲೆ ಮಾತ್ರ ಹೊರಗಿಟ್ಟು ನೋಡುತ್ತಿದ್ದವು. ಅಂಜನ್ ಹಾಲಿನ ಕ್ಯಾನುಗಳನ್ನು ಕಟ್ಟಿದ್ದ ಬೈಕನ್ನು ಅಲ್ಲೇ ಕೆಡವಿ ಓಡಿದ.

"ಯಾರನ್ನ ಕೇಳಿ ಸುರಿದೆಲೇ?"

ಡ್ರೈವರು ಇರಲಿಲ್ಲ. ಬಸವಪ್ರಭು ಇದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ರಾಡಿ ತಾಗದಂತೆ ಒಂದು ಸಿಮೆಂಟ್ ಚೀಲದ ಮೇಲೆ ನಿಂತು. "ಸಮಾಧಾನ ಮಾಡ್ಕೋ ಅಂಜನಾ. ನಮ್ಮ ಜಾಗ, ನಮ್ಮ ಮಣ್ಣು."

"ಗೋಕಟ್ಟಿ ನಿಮ್ಮ ಜಾಗ ಯಾವಾಗಾತು? ಊರೋರು ಸೇರಿ ಕಟ್ಟಿದ್ದು. ನಮ್ಮ ಮುತ್ತಜ್ಜ ಏರಿಗೆ ಮಣ್ಣು ಹೊತ್ತಾನೆ."

"ನಕಾಶ್ಯಾಗೆ ಐತೇನು? ತೋರ್ಸು."

ನಕಾಶೆಯಲ್ಲಿ ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಸರಕಾರ ಕಟ್ಟಿದ್ದಾದರೆ ನಕಾಶೆಯಲ್ಲಿ ಇರುತ್ತದೆ. ದನಕ್ಕೆ ನೀರಿಲ್ಲ ಅಂತ ಜನ ಕಟ್ಟಿಕೊಂಡದ್ದನ್ನು ಯಾರು ಬರೆಯುತ್ತಾರೆ? ಇಷ್ಟು ವರ್ಷ ಊರಿನ ಬಾಯಿಯಲ್ಲಿ ಗೋಕಟ್ಟೆ ಆಗಿತ್ತು, ಅಷ್ಟೇ ಸಾಕಾಗಿತ್ತು.

"ಇದು ಗೋಕಟ್ಟಿ ಅಲ್ಲ, ಮಣ್ಣು ತೆಗೆದ ಗುಂಡಿ," ಅಂದ ಬಸವಪ್ರಭು. "ನಾನು ಹೇಳಿದ್ದಲ್ಲಪ್ಪ, ಸೈಂಟಿಸ್ಟು ಹೇಳಿದ್ದು. ಓದಾಕ ಬರ್ತೈತಲ್ಲ?" ಜೇಬಿನಿಂದ ಪತ್ರಿಕೆಯ ತುಂಡು ತೆಗೆದು ಚಾಚಿದ. ಬಾಟಲಿ ಹಿಡಿದ ಸ್ನೇಹಾಳ ಚಿತ್ರ. ಕೆಳಗೆ: ಕಪ್ಪೆಮರಿಗಳ ಬೆಳವಣಿಗೆ ಕುಂಠಿತಗೊಳಿಸುವ ಹೊಸ ಪಾಚಿ, ಆವರಗೆರೆಯ ಹೊರವಲಯದಲ್ಲಿ ಇಟ್ಟಿಗೆಗಾಗಿ ಮಣ್ಣು ತೆಗೆದ ನಾಲ್ಕೈದು ವರ್ಷ ಹಳೆಯ ಗುಂಡಿಯಲ್ಲಿ ಪತ್ತೆ. "ನಮ್ಮ ಅತ್ತಿ ಮಗಳು. ಸೋಮವಾರ ತಹಶೀಲ್ದಾರ್ರು ಜಾಗ ನೋಡಾಕ ಬರ್ತಾರೆ. ಅವರ ಮುಂದೆ ಇದನ್ನ ಇಡ್ತೀವಿ. ನೀನು ನಿಮ್ಮ ಮುತ್ತಜ್ಜನ್ನ ಕರಕೊಂಡು ಬಾ."

ಇಟ್ಟಿಗೆಗೆ ಮಣ್ಣು ತೆಗೆದ. ನಾಲ್ಕೈದು ವರ್ಷ. ಈ ಮಾತು ಯಾರ ಬಾಯಿಂದ ಹುಟ್ಟಿದ್ದು ಅಂತ ಅಂಜನ್‌ನ ಕಿವಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ನೆತ್ತಿಗೇರಿತು, ಏರಿದ ಸಿಟ್ಟಿಗೆ ಇನ್ನೊಬ್ಬರು ಯಾರಾದರೂ ಬೇಕಿತ್ತು. ಬಿದ್ದ ಬೈಕನ್ನು ಎತ್ತಿದ. ಒಂದು ಕ್ಯಾನಿನ ಹಾಲು ಅರ್ಧ ಚೆಲ್ಲಿ ಮಣ್ಣಿನಲ್ಲಿ ಇಂಗುತ್ತಿತ್ತು. ಪಿ.ಬಿ. ರಸ್ತೆ ಹಿಡಿದು ಒಂದೇ ಉಸಿರಿಗೆ ಹರಿಹರಕ್ಕೆ ಹೊಡೆದ.

ಸ್ನೇಹಾಳ ತಾಯಿ, ವಾಮದೇವಪ್ಪನವರ ತಂಗಿ ಕಸ್ತೂರಮ್ಮನನ್ನು ಹರಿಹರಕ್ಕೆ ಕೊಟ್ಟದ್ದು ಆವರಗೆರೆಗೆಲ್ಲ ಗೊತ್ತಿತ್ತು. ಅವರ ಮನೆ ಅಂದರೆ ದೇವಸ್ಥಾನದ ಬೀದಿಯಲ್ಲಿ ಯಾರಾದರೂ ತೋರಿಸುವಂತಿತ್ತು. ಬಾಗಿಲ ಮೆಟ್ಟಿಲ ಮೇಲೆ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಕಸ್ತೂರಮ್ಮ ಬೈಕಿನ ಕ್ಯಾನು ನೋಡಿ, "ಹಾಲು ಆಗಲೇ ಹಾಕಿಸ್ಕೊಂಡೀವಪ್ಪ," ಅಂದರು.

"ಹಾಲಿನೋನಲ್ರೀ ನಾನು." ಹಾಗೆ ಅಂದ ಮೇಲೆ ತಾನು ಹಾಲಿನವನೇ ಅಲ್ಲವೇ ಅಂತ ಹೊಳೆದು ಇನ್ನಷ್ಟು ಉರಿಯಿತು. "ನಿಮ್ಮ ಮಗಳನ್ನ ಕರೀರಿ. ಗುಂಡಿ ಮೇಡಂನ್ನ."

ಗದ್ದಲಕ್ಕೆ ಸ್ನೇಹಾ ತಾನೇ ಹೊರಗೆ ಬಂದಳು. ಅವನನ್ನು ಕಂಡು ಮುಖ ಅರಳಿದ್ದು, ಅವನ ಮುಖ ಕಂಡು ಮುದುಡಿತು.

"ಎಷ್ಟಕ್ಕ ಮಾರಿದ್ರಿ?" ಅಂದ ಅಂಜನ್. "ಪಾಚಿ, ಗೊದಮೊಟ್ಟಿ ಅಂತ ನಾಟಕ ಮಾಡ್ಕೊಂಡು ಕೊನಿಗೆ ಮಾವಗೆ ಕಾಗದ ಮಾಡಿ ಕೊಟ್ರಲ್ಲ. ಇವತ್ತು ಮಣ್ಣು ಸುರಿದಾರೆ. ನಮ್ಮ ಎಮ್ಮಿ ಎಲ್ಲಿ ಹೋಗಿ ಸಾಯ್ಬೇಕು? ಗೋಕಟ್ಟಿನ ಗುಂಡಿ ಅಂತ ಬರಿಯಾಕ ಕೈ ಹೆಂಗ ಬಂತು?"

"ಯಾವ ಗೋಕಟ್ಟೆ?" ಅಂದಳು ಅವಳು. ನಾಟಕವಲ್ಲ, ನಿಜವಾಗಿ ಕೇಳುತ್ತಿದ್ದಳು. ಆಮೇಲೆ ಅವಳ ಮುಖದಲ್ಲಿ ಒಂದೊಂದೇ ಕೂಡಿಕೊಳ್ಳುತ್ತಾ ಹೋದದ್ದು ಕಂಡಿತು. "ಅದು ಗೋಕಟ್ಟೆನಾ? ನೀನೇ ಅಲ್ವಾ ಗುಂಡಿ ಅಂದಿದ್ದು? ನಾನು ಎರಡು ಸಲ ಕೇಳಿದೆ. ಇಟ್ಟಿಗೆಗೆ ಮಣ್ಣು ತೆಗೆದದ್ದು ಅಂದಿ, ವರ್ಷಾನೂ ಹೇಳಿದಿ. ನಾನು ಬಾಟ್ಲಿ ಮ್ಯಾಲೆ ಬರಕೊಂಡೆ."

ಇಷ್ಟು ದಿನ 'ನೀವು' ಅಂದವಳು 'ನೀನು' ಅಂದಿದ್ದಳು. 

"ಯಾಕ ಸುಳ್ಳು ಹೇಳಿದಿ?"

"ನಿಮ್ಮ ಮ್ಯಾಲೆ ಅನುಮಾನ ಇತ್ತು."

"ಈಗ ನನಗ ನಿನ್ನ ಮ್ಯಾಲೆ ಅನುಮಾನ. ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ಮಾವ ಗುಂಡಿ ಅಂತಾರೆ, ನೀನೂ ಗುಂಡಿ ಅಂದಿದ್ದಿ. ಈಗ ಮಣ್ಣು ಬಿದ್ದ ಮ್ಯಾಲೆ ಗೋಕಟ್ಟೆ ಅಂತ ಓಡಿ ಬಂದಿ. ನಾಳೆ ಇನ್ನೊಬ್ರು ಬಂದು ಕಲ್ಯಾಣಿ ಅಂದ್ರೆ ಕಲ್ಯಾಣಿ ಅಂತ ಬರೀಬೇಕಾ?"

"ಗುಂಡಿ ಅಂತ ಮಾವ ಯಾವಾಗ ಅಂದ್ನೇ?" ಅಂದರು ಕಸ್ತೂರಮ್ಮ, ಸೊಪ್ಪಿನಿಂದ ಕಣ್ಣು ತೆಗೆಯದೆ. "ಪೇಪರ್ ನೋಡಿದ ಮ್ಯಾಲೆ ಅಂದ. ಗುಂಡಿಯಂತೆ ಗುಂಡಿ ಅಂತ ಫೋನ್ನಾಗೇ ನಗಾಡಿದ. ನಾವು ಸಣ್ಣೋರಿದ್ದಾಗ ಆಳುಗಳು ಎಮ್ಮಿ ಮೈ ತೊಳಿಯಾಕ ಅಲ್ಲಿಗೇ..." ಅಷ್ಟು ಹೇಳಿ, ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಹಿಡಿದುಕೊಂಡೇ ಬಾಯಿ ಮುಚ್ಚಿಕೊಂಡರು.

 ಬೀದಿಯ ಆ ತುದಿಯಲ್ಲಿ ಹೂ ಮಾರುವವಳು ಮೊಳಕ್ಕೆ ಇಷ್ಟು ಅಂತ ಕೂಗುತ್ತಿದ್ದಳು.

"ನಾನು ಏನೂ ಅಂದಿಲ್ಲ," ಅಂದರು ಕಸ್ತೂರಮ್ಮ. "ತವರು ಮನಿ ಜೊತೆ ನನಗ ಜಗಳ ಹಚ್ಚಬ್ಯಾಡ ಸ್ನೇಹಾ."

ಸ್ನೇಹಾ ಅಲ್ಲೇ ಮೆಟ್ಟಿಲ ಮೇಲೆ, ಅವ್ವನ ಸೊಪ್ಪಿನ ಮೊರದ ಪಕ್ಕ ಕುಳಿತಳು. ಪೇಪರಿನವರಿಗೆ ಗೈಡು ಅವಸರ ಮಾಡಿ ಹೇಳಿಬಿಟ್ಟರು, ಅಸಲಿ ಲೇಖನ ಇನ್ನೂ ಅಚ್ಚಾಗಿಲ್ಲ ಅಂದಳು. ಹೊಸ ಜೀವಿಗೆ ಹೆಸರಿಡುವಾಗ ಅದು ಮೊದಲು ಸಿಕ್ಕ ಜಾಗ ಯಾವುದು ಅಂತ ಬರೆಯಬೇಕು, ಒಮ್ಮೆ ಅಚ್ಚಾದರೆ ಮುಗಿಯಿತು, ಲೋಕಕ್ಕೆಲ್ಲ ಅದೇ ಅಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತನ್ನ ಕಾಲಿನ ಮೇಲೆ ನಿಂತಿತು.

"ನನ್ನ ಚಪ್ಪಲಿ," ಅಂದಳು.

"ಏನು?"

"ಮೊಣಕಾಲ ಮಟ ಹೋಗಿತ್ತಲ್ಲ ಕಾಲು. ಅಷ್ಟೂ ಮೆತ್ತನ್ನ ಕರಿ ರಾಡಿ. ಗಟ್ಟಿ ಮಣ್ಣು ಸಿಗಲೇ ಇಲ್ಲ. ನಾಕು ವರ್ಷದ ಗುಂಡ್ಯಾಗೆ ಅಷ್ಟು ಹೂಳು ಎಲ್ಲಿಂದ ಬರಬೇಕು?" ಅವನ ಕಡೆ ನೋಡಿದಳು. ನೋಟದಲ್ಲಿ ಅನುಮಾನ ಹೋಗಿರಲಿಲ್ಲ. "ನಿನ್ನ ಮಾತೂ ಬ್ಯಾಡ, ಮಾವನ ಮಾತೂ ಬ್ಯಾಡ. ನಾಳೆ ಬೆಳಿಗ್ಗೆ ಬರ್ತೀನಿ. ಒಂದು ಪೈಪು ಹುಡುಕಿ ಇಟ್ಟಿರು."

ಮರುದಿನ ಭಾನುವಾರ. ಟಿಪ್ಪರ್‌ಗೆ ರಜೆ. ಅಂಜನ್ ಕೊಟ್ರೇಶನ ಅಂಗಡಿಯ ಹಿಂದೆ ಬಿದ್ದಿದ್ದ ಪಿವಿಸಿ ಪೈಪು ತಂದಿದ್ದ. ಮೊದಲ ದಿನ ಅವಳ ಕಾಲು ಹೂತಿದ್ದ ಕಡೆಯೇ, ಮಳೆಗೆ ಏರಿದ್ದ ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ನೆಟ್ಟಗೆ ಕೆಳಗೆ ಒತ್ತಿದ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಇನ್ನೂ ಒತ್ತಿದ, ಇನ್ನೂ ಇಳಿಯಿತು. ಗಟ್ಟಿ ನೆಲ ತಾಗಿದ ಮೇಲೆ, ಅವಳು ಹೇಳಿದಂತೆ ಇನ್ನೊಂದಿಷ್ಟು ಗುದ್ದಿ, ಮೇಲಿನ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎಳೆದ. ಎಳೆಯುವಾಗ ಕಾಲಿಗೆ ಏನೋ ತೊಡರಿತು. ಮುಳುಗಿ ಕೈ ಹಾಕಿ ಎತ್ತಿ ದಂಡೆಗೆ ಎಸೆದ. ಕಪ್ಪಗೆ ಊದಿದ್ದ ಒಂದು ಹೆಂಗಸರ ಚಪ್ಪಲಿ.

"ಕಪ್ಪಿ ಮೆಟ್ಟಿಲ್ಲ ನೋಡ್ರಿ," ಅಂದ. "ಅಳತಿ ಆಗಿಲ್ಲ ಅನ್ಸತೈತೆ."

ಸ್ನೇಹಾ ನಗಲಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಪೈಪಿನ ಮಣ್ಣನ್ನು ಕೋಲಿನಿಂದ ನಿಧಾನವಾಗಿ ನೂಕಿದಳು. ಮೊದಲು ಬಂದದ್ದು, ತೀರ ಕೆಳಗಿನದು, ಗಟ್ಟಿ ಕೆಂಪು ಮಣ್ಣು. ಅದರ ಮೇಲೆ ಕಪ್ಪು. ಕಪ್ಪು ಬರುತ್ತಲೇ ಇತ್ತು. ಮೊಳ ಮುಗಿದು ಇನ್ನೊಂದು ಮೊಳಕ್ಕೆ ಹತ್ತಿತು. ನಡುನಡುವೆ ತೆಳ್ಳಗೆ ಬೂದು ಗೆರೆ, ಬಸವನಹುಳುವಿನ ಬಿಳಿ ಚಿಪ್ಪು, ಸಗಣಿಯೊಳಗಿನ ಹುಲ್ಲಿನ ಎಳೆ. ಅವಳು ಮೊಣಕಾಲೂರಿ, ಕಣ್ಣು ಮಣ್ಣಿಗೆ ತಾಗುವಷ್ಟು ಬಾಗಿ ನೋಡಿದಳು. ಏರಿಯ ಮೇಲೆ ಎಮ್ಮೆಗಳ ಜೊತೆ ನಿಂತಿದ್ದ ರಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವ ಮಾತಿಗೂ ತಯಾರಾದವಳ ಹಾಗೆ ಅವಳನ್ನೇ ನೋಡುತ್ತಿದ್ದಳು.

"ಇದನ್ನೂ ಒಯ್ದು ನಿಮ್ಮ ಮಾವಗೆ ಕೊಡಂಗಿಲ್ಲ ಅಂತ ಏನು ಖಾತ್ರಿ?" ಅಂದ ಅಂಜನ್.

ಸ್ನೇಹಾ ಅವನನ್ನೊಮ್ಮೆ ನೋಡಿದಳು. ಚೀಲದಿಂದ ಚಾಕು ತೆಗೆದು, ಆ ಮಣ್ಣಿನ ದಿಂಡನ್ನು ಉದ್ದಕ್ಕೆ, ಸೌತೆಕಾಯಿ ಸೀಳಿದ ಹಾಗೆ, ಎರಡು ಹೋಳು ಮಾಡಿದಳು. ಒಂದನ್ನು ಹಾಳೆಯಲ್ಲಿ ಸುತ್ತಿ ತನ್ನ ಡಬ್ಬಿಗೆ ಇಟ್ಟಳು. ಇನ್ನೊಂದನ್ನು ಅವನ ಕಡೆ ಸರಿಸಿದಳು.

"ಅರ್ಧ ನೀನು ಇಟ್ಕೋ. ನಾಳೆ ತಹಶೀಲ್ದಾರ್ರಿಗೆ ನಾನು ಬೇರೆ ಹೇಳಿದ್ರೆ ಇದನ್ನ ತೋರ್ಸು."

"ನೀವೂ ಬರ್ತೀರೇನು ನಾಳೆ?"

"ಜಾಗ ನಾನು ಬರೆದದ್ದು. ನಾನು ಬರದೆ ಇನ್ಯಾರು ಬರಬೇಕು?"

ಮಾರ್ಕರಿನ ಮುಚ್ಚಳವನ್ನು ಮೊದಲ ದಿನದ ಹಾಗೇ ಹಲ್ಲಿನಲ್ಲಿ ಕಚ್ಚಿ ತೆಗೆದಳು. ಡಬ್ಬಿಯ ಚೀಟಿಯ ಮೇಲೆ ತಾರೀಖು ಬರೆದಳು. ಊರು ಬರೆದಳು. ಆಮೇಲೆ ಪೆನ್ನು ನಿಂತಿತು. ಅವನನ್ನು ಕೇಳಲಿಲ್ಲ. ಹಾಳೆಯ ಮೇಲೆ ಉಳಿದಿದ್ದ ಕಪ್ಪು ಗೆರೆಗಳನ್ನು ಇನ್ನೊಮ್ಮೆ ನೋಡಿ, ದುಂಡಗಿನ ಅಕ್ಷರದಲ್ಲಿ 'ಗೋಕಟ್ಟೆ' ಅಂತ ಬರೆದು, ಶಾಯಿ ಆರಲೆಂದು ಊದಿದಳು.  ಸಂಜೆ ಹರಿಹರದ ಮನೆಯಲ್ಲಿ, ಮಾವನ ಫೋನು ಬಂದಾಗ, ಅವಳು ಏನು ಹೇಳುತ್ತಾಳೋ ಅಂಜನ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನಂಬಿ ಅವನಿಗೆ ರೂಢಿಯಿರಲಿಲ್ಲ.

ಅವಳು ಎದ್ದು, ಊದಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಏರಿ ಹತ್ತಿದಳು. ಕೆಂಚಿಯ ಮುಂದೆ ನಿಂತು, ಅದರ ಕೊಂಬಿನ ಬುಡವನ್ನು ಬೆರಳಿನಿಂದ ಕೆರೆದಳು. ಎಮ್ಮೆ ಕಣ್ಣು ಅರೆಮುಚ್ಚಿತು.

"ಎಷ್ಟು ಹಾಲು ಕೊಡ್ತೈತಮ್ಮ ಇದು?" ಅಂದಳು ರಂಗವ್ವನಿಗೆ. "ನಿಮ್ಮ ಮಗ ಎರಡು ಲೀಟರ್ ಅಂದಿದ್ದ."

ರಂಗವ್ವ ಕೆಳಗೆ ನಿಂತಿದ್ದ ಮಗನನ್ನು ನೋಡಿದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಮಲಗಿದ್ದ ಅರ್ಧ ಹೋಳು ಮಣ್ಣನ್ನು ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾವಕಾಶವಾಗಿ ದಾಟಿಸಿದಳು.

"ಹೊತ್ತಿಗೆ ಆರು," ಅಂದಳು.

ಅಂಜನ್ ನೀರಿನಲ್ಲಿ ನಿಂತವನು ನಿಂತೇ ಇದ್ದ. ರಂಗವ್ವ ದಡದಡನೆ ಇಳಿದು ಬಂದು, ಬಗ್ಗಿ, ಮಗನ ಪಾಲಿನ ಮಣ್ಣಿನಲ್ಲಿ ತೋರುಬೆರಳು ಅದ್ದಿದಳು. ಮತ್ತೆ ಏರಿ ಹತ್ತಿ ಹೋಗಿ, ಕೆಂಚಿಯ ಹಣೆಯ ಮೇಲೆ, ಎರಡು ಕಣ್ಣಿನ ನಡುವೆ, ಕಪ್ಪು ಬೊಟ್ಟೊಂದನ್ನು ಒತ್ತಿ ಇಟ್ಟಳು.